ನಿಯಮ ಬರೆಯುವ ಮೇಜಿನಲ್ಲಿ ಆಟಗಾರರೂ ಕೂರಲಿ: ಸಂಸದ ಶ್ರೀ ಥಾಣೇದಾರ್ ಅವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಶ್ರೀ ಥಾಣೇದಾರ್ ಅವರಿಗೆ,

ನಮಸ್ಕಾರ. ಅಮೆರಿಕದ ಕಾಲೇಜು ಆಟಗಾರರ ಗಳಿಕೆಗೆ ನಿಯಮ ಹಾಕಹೊರಟಿರುವ ಸ್ಕೋರ್ ಆಕ್ಟ್ ಮಸೂದೆ ಬಗ್ಗೆ ಬರೆಯುತ್ತಿದ್ದೇನೆ. ನೀವು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಈಗ ಡೆಟ್ರಾಯ್ಟ್‌ನ ಸಂಸದರು. ಅದಕ್ಕೇ ಕನ್ನಡದಲ್ಲಿ ಬರೆದೆ. ಮಿಷಿಗನ್ನಿನ ಕನ್ನಡದ ಮನೆಗಳಲ್ಲೂ ಈ ಮಾತು ನಡೆಯಬೇಕು. ಶನಿವಾರ ಬಂತೆಂದರೆ ನಮ್ಮ ಮಕ್ಕಳು ಟೀವಿ ಮುಂದೆ ಕೂತು ನೋಡೋದು ಇದೇ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ, ಆಟಗಾರರಿಗೆ ದುಡ್ಡು ಕೊಡುವುದು ಸರಿ. ಕೊಡದೆ ಇದ್ದಾಗ ಏನಾಯಿತು ಅನ್ನೋದನ್ನ ಡೆಟ್ರಾಯ್ಟ್ ಕಣ್ಣಾರೆ ಕಂಡಿದೆ. ನಿಮ್ಮ ಊರಿನ ಹುಡುಗ ಕ್ರಿಸ್ ವೆಬ್ಬರ್ 1991ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದರು. ಒಟ್ಟಿಗೆ ಸೇರಿದ ಆ ಐದು ಹುಡುಗರು ತಂಡವನ್ನು ಸತತ ಎರಡು ವರ್ಷ ಫೈನಲ್‌ವರೆಗೆ ಒಯ್ದರು. ವೆಬ್ಬರ್ ಅವರ 4ನೇ ನಂಬರಿನ ಜೆರ್ಸಿ ಅಂಗಡಿಗಳಲ್ಲಿ ಬಿಕರಿಯಾಗುತ್ತಿತ್ತು, ಅದರಲ್ಲಿ ಅವರಿಗೆ ಬಿಡಿಗಾಸೂ ಇಲ್ಲ. ಆ ಖಾಲಿ ಜಾಗಕ್ಕೆ ಬಂದವರು ಎಡ್ ಮಾರ್ಟಿನ್, ಫೋರ್ಡ್ ಕಾರ್ಖಾನೆಯ ನಿವೃತ್ತ ಎಲೆಕ್ಟ್ರಿಷಿಯನ್. ಅಕ್ರಮ ಲಾಟರಿ ನಡೆಸುತ್ತಿದ್ದ ಅವರು ವೆಬ್ಬರ್ ಸೇರಿ ನಾಲ್ಕು ಆಟಗಾರರಿಗೆ 6,16,000 ಡಾಲರ್ ಕೊಟ್ಟಿದ್ದಾಗಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಆಟಗಾರರು ದುಡ್ಡು ತಗೊಳ್ಳುವುದು ಆಗ ನಿಯಮಕ್ಕೆ ವಿರುದ್ಧ, ಹಾಗಾಗಿ ತಂಡದ ಗೆಲುವುಗಳು ದಾಖಲೆಯಿಂದ ಹೋದವು, ಬ್ಯಾನರ್‌ಗಳು ಇಳಿದವು, ವೆಬ್ಬರ್ ಅವರನ್ನು ವಿಶ್ವವಿದ್ಯಾಲಯ 2013ರವರೆಗೂ ದೂರ ಇಟ್ಟಿತು.

ಈಗ ನೋಡಿ. ಪಕ್ಕದ ಬೆಲ್‌ವಿಲ್‌ನ ಫುಟ್‌ಬಾಲ್ ಆಟಗಾರ ಬ್ರೈಸ್ ಅಂಡರ್‌ವುಡ್ ಲೂಸಿಯಾನಾ ಸ್ಟೇಟ್‌ಗೆ ಕೊಟ್ಟಿದ್ದ ಮಾತನ್ನು ಬದಲಿಸಿ 2024ರ ನವೆಂಬರ್‌ನಲ್ಲಿ ಅದೇ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಕೊಂಡರು. ಅವರಿಗೆ ಸಿಗುವ ಮೊತ್ತ 1 ಕೋಟಿ ಡಾಲರ್ ದಾಟುತ್ತದೆ ಎಂದು ಪತ್ರಿಕೆಗಳಲ್ಲಿ ಬಂತು. ಆ ಹುಡುಗನ ಮೇಲೆ ನನಗೆ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಅವನ ಆಟ ನೋಡಲು ಒಂದು ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ತಗೊಂಡು ಸ್ಟೇಡಿಯಂ ತುಂಬುತ್ತಾರೆ.

ತೊಂದರೆ ಇರೋದು ದುಡ್ಡಿನಲ್ಲಲ್ಲ, ಅದು ಓಡಾಡುವ ದಾರಿಯಲ್ಲಿ. 2021ರಲ್ಲಿ ಸುಪ್ರೀಂ ಕೋರ್ಟ್ 9-0 ತೀರ್ಪಿನಲ್ಲಿ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ಕಟ್ಟುಪಾಡುಗಳಿಗೆ ಪೆಟ್ಟು ಕೊಟ್ಟಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದಾಯಿತು. ಸಿರಿವಂತ ಅಭಿಮಾನಿಗಳು ಕಲೆಕ್ಟಿವ್ ಅಂತ ಕಟ್ಟಿಕೊಂಡು, ಜಾಹೀರಾತಿನ ಹೆಸರಲ್ಲಿ ತಂಡಕ್ಕೆ ಆಟಗಾರರನ್ನು ಸೆಳೆಯಲು ಶುರುಮಾಡಿದರು. ಇದನ್ನು ತಡೆಯಲು ಎನ್‌ಸಿಎಎ ಹೊರಟಾಗ ಟೆನ್ನೆಸಿಯ ಫೆಡರಲ್ ಕೋರ್ಟ್ 2024ರ ಫೆಬ್ರವರಿಯಲ್ಲಿ ಆ ನಿಯಮಕ್ಕೇ ತಡೆ ಕೊಟ್ಟಿತು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದಕ್ಕಿದ್ದ ಮಿತಿಯೂ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಇದರ ಬಿಸಿ ತಟ್ಟಿದ್ದು ಸಣ್ಣ ಕಾಲೇಜುಗಳಿಗೆ. ನಮ್ಮ ಓಕ್‌ಲ್ಯಾಂಡ್ ವಿಶ್ವವಿದ್ಯಾಲಯ 2024ರ ಮಾರ್ಚ್‌ನಲ್ಲಿ ದೊಡ್ಡ ತಂಡವಾದ ಕೆಂಟಕಿಯನ್ನು ಬ್ಯಾಸ್ಕೆಟ್‌ಬಾಲ್‌ನಲ್ಲಿ 80-76ರಿಂದ ಸೋಲಿಸಿದಾಗ ಇಡೀ ಮಿಷಿಗನ್ ಕುಣಿಯಿತು. ಮುಂದಿನ ಸೀಸನ್ನಿಗೆ ಆ ತಂಡದ ಮುಖ್ಯ ಆಟಗಾರ ಟ್ರೇ ಟೌನ್‌ಸೆಂಡ್ ಅರಿಝೋನಾ ತಂಡದಲ್ಲಿದ್ದರು. ಹೋಗುವ ಹಕ್ಕು ಅವರಿಗೆ ಇದೆ, ಇರಲೇಬೇಕು. ಆದರೆ ಬೆಳೆಸಿದ ಕಾಲೇಜಿಗೆ ಏನೂ ಸಿಗದ ಈ ಏರ್ಪಾಡು ಸರಿಯಿಲ್ಲ. ಅನುಭವವಿರುವ ಆಟಗಾರ, ಕಾಲೇಜು ಬದಲಿಸುವವರ ಪಟ್ಟಿಯಾದ ಪೋರ್ಟಲ್‌ನಲ್ಲೇ ಸಿಗುವಾಗ ಕೋಚ್‌ಗಳು ಹೈಸ್ಕೂಲು ಹುಡುಗನ ಮೇಲೆ ಯಾಕೆ ವರ್ಷಗಟ್ಟಲೆ ದುಡಿಯುತ್ತಾರೆ? ಡೆಟ್ರಾಯ್ಟ್‌ನ ಹೈಸ್ಕೂಲುಗಳ ಎಷ್ಟೋ ಮಕ್ಕಳಿಗೆ ಕಾಲೇಜಿನ ಬಾಗಿಲು ಇದೇ ಆಟ, ಸಾರ್.

2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸಿನ ರಾಜಿಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುವಂತಾಯಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಹೆಚ್ಚೆಂದರೆ ಸುಮಾರು 2.05 ಕೋಟಿ ಡಾಲರ್. ಮೇಲ್ವಿಚಾರಣೆಗೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂತ ಒಂದು ಹೊಸ ಸಂಸ್ಥೆ ಹುಟ್ಟಿತು. ಇವತ್ತು ಹತ್ತೊಂಬತ್ತರ ಹುಡುಗನೊಬ್ಬ ಕಾರ್ ಷೋರೂಮಿನ ಜಾಹೀರಾತಿಗೆ ಸಹಿ ಹಾಕಿದರೆ, 600 ಡಾಲರ್ ದಾಟಿದ ಆ ಒಪ್ಪಂದವನ್ನು ಐದು ಕೆಲಸದ ದಿನಗಳೊಳಗೆ ಎನ್‌ಐಎಲ್ ಗೋ ಎಂಬ ಆನ್‌ಲೈನ್ ವ್ಯವಸ್ಥೆಗೆ ಸಲ್ಲಿಸಬೇಕು, ಅಲ್ಲಿ ಅದು ನಿಜವಾದ ವ್ಯಾಪಾರವೋ ಅಲ್ಲವೋ, ಮೊತ್ತ ಸರಿಯಿದೆಯೋ ಇಲ್ಲವೋ ಎಂದು ತೂಗಿ ನೋಡುತ್ತಾರೆ. ಆ ಕಮಿಷನ್ ಕಟ್ಟಿದ್ದು ಯಾರು? ಅತಿ ಹೆಚ್ಚು ಖರ್ಚು ಮಾಡುವ ದೊಡ್ಡ ಕಾಲೇಜುಗಳ ಒಕ್ಕೂಟಗಳೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಇತ್ತ ಆಟಗಾರನನ್ನು ಸೆಳೆದುಕೊಂಡರೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮಯಾಮಿ ವಿಶ್ವವಿದ್ಯಾಲಯದ ಮೇಲೇ ಕೇಸು ಹಾಕಿತು.

ಹುಡುಗಿಯರ ಪಾಲಿನ ಪ್ರಶ್ನೆಯೂ ಇದೆ. ಅದೇ ರಾಜಿಯಲ್ಲಿ ಹಿಂದಿನ ಆಟಗಾರರಿಗೆ ಕೊಡಲು ಒಪ್ಪಿದ ಹಳೆಯ ಬಾಕಿಯ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್‌ಗೇ ಹೋಗುತ್ತದೆ ಎಂದು ಎಂಟು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಹಾಕಿದರು. ಸ್ಟೂಡೆಂಟ್ ವೀಸಾದಲ್ಲಿ ಇಲ್ಲಿಗೆ ಆಡಲು ಬರುವ ನಮ್ಮ ಕಡೆಯ ಮಕ್ಕಳಂತೂ ಇಂಥ ಒಪ್ಪಂದಕ್ಕೆ ಕೈಹಾಕಲು ಹೆದರುತ್ತಾರೆ, ವೀಸಾಕ್ಕೇ ಕುತ್ತು ಬಂದೀತು ಅಂತ.

ಈಗ ಸ್ಕೋರ್ ಆಕ್ಟ್. ಗಾಯಗೊಂಡವರ ಚಿಕಿತ್ಸೆ, ಏಜೆಂಟರ ಕಮಿಷನ್‌ಗೆ ಮಿತಿ, ಇವೆಲ್ಲ ಅದರ ಒಳ್ಳೆಯ ಅಂಶಗಳು. ಆದರೆ ಅದೇ ಮಸೂದೆ ಎನ್‌ಸಿಎಎಗೆ ಏಕಸ್ವಾಮ್ಯ ತಡೆ ಕಾನೂನಿನಿಂದ ರಕ್ಷಣೆ ಕೊಡುತ್ತದೆ, ರಾಜ್ಯಗಳ ಕಾನೂನುಗಳನ್ನು ಬದಿಗೆ ಸರಿಸುತ್ತದೆ, ಆಟಗಾರರು ನೌಕರರಲ್ಲ ಎಂದೂ ಬರೆದುಬಿಡುತ್ತದೆ. 2025ರ ಡಿಸೆಂಬರ್‌ನಲ್ಲಿ ಮತಕ್ಕೆ ಹಾಕಲು ಹೊರಟು ಕೊನೆ ಗಳಿಗೆಯಲ್ಲಿ ಕೈಬಿಟ್ಟರು. ಆದರೆ ಇಂಥದ್ದು ಒಂದಲ್ಲ ಒಂದು ರೂಪದಲ್ಲಿ ಮತ್ತೆ ನಿಮ್ಮ ಮುಂದೆ ಬಂದೇ ಬರುತ್ತದೆ.

ಬಂದಾಗ ದಯವಿಟ್ಟು ಹಾಗೇ ಒಪ್ಪಬೇಡಿ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲೂ ಸಂಬಳಕ್ಕೆ ಮಿತಿ ಇದೆ, ತಂಡ ಬದಲಿಸಲು ನಿಯಮ ಇದೆ. ಅವು ಕೋರ್ಟಿನಲ್ಲಿ ನಿಲ್ಲುವುದು ಆಟಗಾರರ ಸಂಘ ಚೌಕಾಸಿ ಮಾಡಿ ಸಹಿ ಹಾಕಿರುವುದರಿಂದ. ಅಲ್ಲಿ ಏಜೆಂಟರಿಗೆ ಪರವಾನಗಿ ಕೊಡುವುದೂ ಆ ಸಂಘವೇ, ಕಮಿಷನ್ 3 ಪರ್ಸೆಂಟ್ ದಾಟುವಂತಿಲ್ಲ. ಕಾಲೇಜು ಆಟಗಾರರಿಗೂ ಆ ಹಕ್ಕು ಕೊಡಿ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 2024ರಲ್ಲಿ 13-2 ಮತದಿಂದ ಸಂಘ ಬೇಕು ಅಂದರು, ವರ್ಷ ಮುಗಿಯುವುದರೊಳಗೆ ಅರ್ಜಿ ಹಿಂದಕ್ಕೆ ಪಡೆಯಬೇಕಾಯಿತು. ಕಾರ್ಮಿಕ ಸಂಘಗಳ ಊರಿನ ಸಂಸದರಾಗಿ ನೀವು ಮಸೂದೆಗೆ ಈ ತಿದ್ದುಪಡಿ ತನ್ನಿ. ಮತ ಹಾಕುವ ಮೊದಲು ನಿಮ್ಮ ನಿಲುವನ್ನು ಡೆಟ್ರಾಯ್ಟ್‌ನ ಹೈಸ್ಕೂಲು ಕೋಚ್‌ಗಳ, ತಂದೆತಾಯಿಗಳ ಎದುರು ಒಂದು ಸಭೆ ಕರೆದು ಹೇಳಿ.

ಇಂತಿ ನಿಮ್ಮ,
ಮಿಷಿಗನ್ನಿನ ಒಬ್ಬ ಕನ್ನಡಿಗ