ಕಳ್ಳರಿಗೆ ಶಿಕ್ಷೆಯಾಗಲಿ, ಹಸಿದವರಿಗಲ್ಲ

ಮಾನ್ಯರೇ,

ಸಂಘರ್ಷಪೀಡಿತ ದೇಶಗಳಿಗೆ ಕಳುಹಿಸಿದ ಆಹಾರ ಕಳುವಾದಾಗ ಕದ್ದವರನ್ನು ಹಿಡಿಯುವ ಬದಲು ನೆರವನ್ನೇ ನಿಲ್ಲಿಸಿಬಿಡುವ ಕ್ರಮ ಸರಿಯಲ್ಲ. 2023ರಲ್ಲಿ ಇಥಿಯೋಪಿಯಾದಲ್ಲಿ ನೆರವಿನ ಧಾನ್ಯ ಮಾರುಕಟ್ಟೆ ಸೇರುತ್ತಿರುವುದು ಬಯಲಾದಾಗ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಹಾಗೂ ಅಮೆರಿಕದ ನೆರವು ಸಂಸ್ಥೆ ಮೊದಲು ಟಿಗ್ರೆ ಪ್ರಾಂತ್ಯಕ್ಕೆ, ಜೂನ್ ತಿಂಗಳಲ್ಲಿ ಇಡೀ ದೇಶಕ್ಕೆ ಆಹಾರ ವಿತರಣೆಯನ್ನು ಸ್ಥಗಿತಗೊಳಿಸಿದವು. ಕಳವು ಮಾಡದ ನಿರಾಶ್ರಿತರೂ ತಿಂಗಳುಗಟ್ಟಲೆ ಇದರ ಫಲ ಉಣ್ಣಬೇಕಾಯಿತು.

ಇಂಥ ಕಳವು ಕಾಗದದಲ್ಲಿ ಕಾಣುವುದಿಲ್ಲ. ಮುಂಚಿತವಾಗಿ ತಿಳಿಸಿ ಬರುವ ತಪಾಸಣಾ ತಂಡಕ್ಕೆ ಗೋದಾಮಿನ ಲೆಕ್ಕಪುಸ್ತಕ ಅಚ್ಚುಕಟ್ಟಾಗಿಯೇ ಇರುತ್ತದೆ, ಫಲಾನುಭವಿಗಳ ಪಟ್ಟಿಯಲ್ಲಿ ಹೆಬ್ಬೆಟ್ಟುಗಳೂ ಇರುತ್ತವೆ. ಸ್ಥಳೀಯ ಅಧಿಕಾರಿ ಅಥವಾ ಬಂದೂಕುಧಾರಿ ಪಕ್ಕದಲ್ಲಿ ನಿಂತಿರುವಾಗ ಬಾಯಿ ಬಿಡುವವರು ಯಾರು? ಧಾನ್ಯದ ವ್ಯಾಪಾರಿಯ ಸೋಗಿನಲ್ಲಿ ಹಿಟ್ಟಿನ ಗಿರಣಿಗೆ ಹೋಗಿ ದರ ವಿಚಾರಿಸುವ ಗುಪ್ತ ತನಿಖಾಧಿಕಾರಿಗೆ ಮಾತ್ರ, ನೆರವು ಸಂಸ್ಥೆಯ ಮುದ್ರೆಯಿರುವ ಚೀಲಗಳನ್ನು ಬಿಚ್ಚಿ ಬೇರೆ ಚೀಲಕ್ಕೆ ತುಂಬುವುದು ಕಣ್ಣಿಗೆ ಬೀಳಲು ಸಾಧ್ಯ. ಯೆಮನ್‌ನಲ್ಲೂ 2018ರ ಕೊನೆಯಲ್ಲಿ ವಿತರಣಾ ಕೇಂದ್ರಗಳಿಂದ ಲಾರಿಗಳು ಅಕ್ರಮವಾಗಿ ಆಹಾರ ಸಾಗಿಸುತ್ತಿದ್ದುದಕ್ಕೆ ಛಾಯಾಚಿತ್ರಗಳ ಸಾಕ್ಷ್ಯ ದೊರೆತ ಮೇಲೆಯೇ ವಿಶ್ವ ಆಹಾರ ಕಾರ್ಯಕ್ರಮವು ಅಲ್ಲಿನ ಹೂಥಿ ಬಂಡುಕೋರರ ಆಡಳಿತವನ್ನು ಬಹಿರಂಗವಾಗಿ ಪ್ರಶ್ನಿಸಿತು.

ಹಾಗಾಗಿ ನೆರವು ನೀಡುವ ದೇಶಗಳು ಪ್ರತಿ ಯೋಜನೆಯ ವೆಚ್ಚದಲ್ಲಿ ಒಂದು ಪಾಲನ್ನು ವಿತರಣಾ ಸಂಸ್ಥೆಗೆ ಅಧೀನವಲ್ಲದ ಗುಪ್ತ ತನಿಖೆಗೆ ಮೀಸಲಿಡಬೇಕು, ಮಾಹಿತಿ ಕೊಟ್ಟ ಸ್ಥಳೀಯರ ಗುರುತನ್ನು ಕಾಪಾಡಬೇಕು (ತನಿಖಾಧಿಕಾರಿ ವಿಮಾನ ಹತ್ತಿ ಹೊರಟುಹೋಗಬಹುದು, ಅವರು ಅಲ್ಲಿಯೇ ಬದುಕಬೇಕು) ಮತ್ತು ಕಳವು ಸಾಬೀತಾದ ಕಡೆ ಗುತ್ತಿಗೆದಾರರನ್ನೂ ಅಧಿಕಾರಿಗಳನ್ನೂ ಬದಲಿಸಿ ವಿತರಣೆಯನ್ನು ಮುಂದುವರಿಸಬೇಕು.