ಎಲ್ಲ ಜೀನ್ಸಲ್ಲೇ ಉಂಟಾದ್ರೆ ಅಳಿಯಕಟ್ಟು ಎಲ್ಲಿ ಹೋಯ್ತು?

ಸಂಪಾದಕರಿಗೆ ನಮಸ್ಕಾರ,

ಕಳೆದ ಆದಿತ್ಯವಾರದ ಪುರವಣಿಯಲ್ಲಿ ಮನುಷ್ಯನ ಸ್ವಭಾವ, ಆಚಾರ ವಿಚಾರ ಎಲ್ಲ ಜೀನ್ಸ್, ಅಂದ್ರೆ ಅಪ್ಪ ಅಮ್ಮನಿಂದ ಬರುವ ವಂಶವಾಹಿಗಳು, ಆಡಿಸಿದ ಹಾಗೆ ಅಂತ ಒಂದು ಲೇಖನ ಹಾಕಿದ್ರಲ್ಲ, ಅದು ಬಂದ ಮೇಲೆ ನಮ್ಮ ಪೇಟೆಯ ಸೆಲೂನಲ್ಲಿ ಎರಡು ದಿವಸ ಅದೇ ಪಂಚಾತಿಗೆ. ಒಬ್ಬರಂತೂ ಒಂದು ಮನೆಯವರ ಜಾಗದ ತಕರಾರು ಎತ್ತಿ "ಅವರ ಜೀನ್ಸಲ್ಲೇ ಉಂಟು ಮಾರಾಯ, ಅಜ್ಜನ ಕಾಲದಿಂದ ಕೋರ್ಟಿಗೆ ಅಲೆಯುದು" ಅಂದ್ರು. ಮೊದಲು ಹಣೆಬರಹ ಅಂತಿದ್ರು, ಈಗ ಜೀನ್ಸ್ ಅಂತಾರೆ. ನಾನು ಅಡಿಕೆ ತೋಟದವ, ವಿಜ್ಞಾನಿ ಅಲ್ಲ, ಆದ್ರೆ ಈ ವಿಷಯ ಸ್ವಲ್ಪ ಓದಿದ್ದೇನೆ, ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ.

ನಮ್ಮದು ಅಳಿಯಕಟ್ಟಿನ ಕುಟುಂಬ. ಅಪ್ಪನದ್ದು ಮಗನಿಗಲ್ಲ, ಸೋದರಮಾವನದ್ದು ಅಳಿಯನಿಗೆ, ಅಂದ್ರೆ ಅಕ್ಕತಂಗಿಯ ಮಗನಿಗೆ. ಇದಕ್ಕೆ ಊರಲ್ಲಿ ಭೂತಾಳ ಪಾಂಡ್ಯ ರಾಜನ ಕಥೆ ಹೇಳ್ತಾರೆ, ಬಲಿ ಕೊಡ್ಲಿಕ್ಕೆ ಹೆಂಡತಿ ತನ್ನ ಮಗನನ್ನು ಬಿಡ್ಲಿಲ್ಲ, ತಂಗಿ ಬಿಟ್ಟುಕೊಟ್ಲು, ಅಂದಿನಿಂದ ಪಟ್ಟ ಅಳಿಯನಿಗೆ ಅಂತ. ವಿಕಾಸವಾದದವರ ಕಥೆ ಬೇರೆ. ರಕ್ತಸಂಬಂಧ ಹತ್ತಿರ ಆದಷ್ಟು ಅವರಿಗೋಸ್ಕರ ಕಷ್ಟಪಡುವ ಗುಣ ಪ್ರಾಣಿಗಳಲ್ಲಿ ಉಳ್ಕೊಳ್ತದೆ ಅಂತ 1964ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಎನ್ನುವ ಇಂಗ್ಲೆಂಡಿನ ವಿಜ್ಞಾನಿ ಲೆಕ್ಕ ಮಾಡಿ ತೋರ್ಸಿದ್ರು. ಸ್ವಂತ ಮಗ ಅಂದ್ರೆ ನಮ್ಮ ಜೀನ್ಸಿನ ಅರ್ಧ ಪಾಲು, ಒಡಹುಟ್ಟಿದ ಅಕ್ಕನ ಮಗ ಅಂದ್ರೆ ಕಾಲು ಪಾಲು. ಹಾಗಾದ್ರೆ ಅರ್ಧವನ್ನು ಬಿಟ್ಟು ಕಾಲಿಗೆ ಆಸ್ತಿ ಕೊಡುದು ಎಂತಕ್ಕೆ? ಹೆಂಡತಿಯ ಮಗು ತನ್ನದೇ ಅಂತ ಗಂಡಸಿಗೆ ಗ್ಯಾರಂಟಿ ಇಲ್ಲ, ಅಕ್ಕನ ಮಗು ಹೇಗಿದ್ರೂ ತನ್ನ ರಕ್ತವೇ, ಅದಕ್ಕೆ ಅಳಿಯ, ಅಂತ ಕೆಲವು ವಿದ್ವಾಂಸರ ಉತ್ತರ. ಕೇಳ್ಲಿಕ್ಕೆ ಸರಿ ಕಾಣ್ತದೆ. ಆದ್ರೆ ಅಕ್ಕನೂ ತಾನೂ ಒಂದೇ ಅಪ್ಪನ ಮಕ್ಕಳು ಅಂತಲೂ ಆಗ ಗ್ಯಾರಂಟಿ ಇಲ್ಲ, ಅದನ್ನೂ ಸೇರಿಸಿ ಪೆನ್ನು ಹಿಡ್ದು ನೋಡಿ, ಅಳಿಯ ಮಗನಿಗಿಂತ ಹತ್ತಿರದವ ಆಗ್ಬೇಕಾದ್ರೆ ಊರಿನ ನಾಲ್ಕು ಮಕ್ಕಳಲ್ಲಿ ಹೆಚ್ಚುಕಮ್ಮಿ ಮೂರು ಬೇರೆಯವರದ್ದಾಗಿರ್ಬೇಕು! ನಮ್ಮ ದೈವದ ನೇಮದ ದಿವಸ ಯಾರಾದ್ರೂ ಇದನ್ನು ಮೈಕಲ್ಲಿ ಹೇಳಿ ನೋಡ್ಲಿ. ಗದ್ದೆ ತೋಟ ತುಂಡಾಗದೆ ಒಂದೇ ಕಡೆ ಉಳೀಬೇಕಿತ್ತು, ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗ್ಬಾರ್ದಿತ್ತು, ನನಗೆ ಕಾಣುದು ಅದೇ ಕಾರಣ.

ಹಾಗಂತ ಜೀನ್ಸಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುದಿಲ್ಲ. ನನ್ನ ಅಮ್ಮನ ಸೋದರಮಾವ ಆಗ ಮನೆಯ ಯಜಮಾನರು, ಒಂದು ಬಾಳೆಗೊನೆ ಕಡಿದ್ರೂ ಲೆಕ್ಕ. ಆದ್ರೆ ಶನಿವಾರ ಕತ್ತಲಾದ ಮೇಲೆ ಟಾರ್ಚ್ ಹಿಡ್ಕೊಂಡು ಹೆಂಡತಿ ಮನೆಗೆ ಹೊರಟ್ರೆ ಕೈಚೀಲ ಒಂದು ಬದಿಗೆ ಎಳೀತಿತ್ತು, ನಾನು ಇಣುಕಿ ನೋಡಿದ್ದೇನೆ, ತೆಂಗಿನಕಾಯಿ, ಬೆಲ್ಲ, ಮೇಲಿಂದ ಬೈರಾಸು ಮುಚ್ಚಿದ ಕದಳಿ ಹಣ್ಣು. ಅಜ್ಜಿ ಅಡಿಕೆ ಸುಲೀತಾ ಕೂತವರು ತಲೆ ಎತ್ತುತ್ತಿರ್ಲಿಲ್ಲ. ಸ್ವಂತ ಮಕ್ಕಳ ಸೆಳೆತ ಆ ಚೀಲದಲ್ಲಿತ್ತು, ಯಜಮಾನಿಕೆ ಮಾತ್ರ ನನ್ನ ಮಾವನಿಗೇ ಬಂತು.

ಆಮೇಲೆ ಕೇರಳದ (ನಮ್ಮ ಕಾಸರಗೋಡು ಅಲ್ಲೇ ಅಲ್ವಾ) ಹಿಂದೂ ಕೂಡುಕುಟುಂಬ ರದ್ದತಿ ಕಾನೂನು ಬಂತು, 1975ರದ್ದು, ಜಾರಿಯಾದದ್ದು 1976 ಡಿಸೆಂಬರ್ 1ಕ್ಕೆ. ಪಾಲಾಯ್ತು, ಒಂದು ತಲೆಮಾರಿನ ಒಳಗೆ ಎಲ್ರೂ ಮಕ್ಕಳ ಹೆಸರಿಗೆ ಬರೀಲಿಕ್ಕೆ ಶುರು. ಜೀನ್ಸ್ ಏನು ಡಿಸೆಂಬರ್ 1ಕ್ಕೆ ಬದಲಾಯ್ತಾ? ಅದೇ ಬರಿ, ಅಂದ್ರೆ ಗೋತ್ರದ ಹಾಗಿನ ಕುಲದ ಹೆಸರು, ಇವತ್ತಿಗೂ ತಾಯಿದ್ದೇ, ದೈವದ ಕೆಲಸಕ್ಕೆ ಹೋಗುದು ತಾಯಿ ಕಡೆಯ ಕುಟುಂಬದ ಮನೆಗೇ, ಅದನ್ನು ಯಾವ ಕಾನೂನೂ ಮುಟ್ಲಿಲ್ಲ.

ಇನ್ನೊಂದು, ನಿಮ್ಮ ಲೇಖಕರು ಗಾಡಿಯನ್ನು ಒಂದೇ ದಿಕ್ಕಿಗೆ ಓಡಿಸಿದ್ದಾರೆ. ಜನ ಬದುಕುವ ಕ್ರಮವೇ ಜೀನ್ ಬದಲಾಯಿಸಿದ್ದೂ ಉಂಟು. ದನ ಸಾಕಿ ಹಾಲು ಕುಡಿಯುವ ಅಭ್ಯಾಸ ಸಾವಿರಾರು ವರ್ಷ ನಡೆದ ಕಡೆ, ಯುರೋಪಿನಲ್ಲಿ, ನಮ್ಮ ದೇಶದ ವಾಯವ್ಯದಲ್ಲಿ, ದೊಡ್ಡವರಾದ ಮೇಲೂ ಹಾಲು ಕರಗಿಸುವ ಜೀನ್ ಹೆಚ್ಚಾಯ್ತು, ಎರಡೂ ಕಡೆ ಒಂದೇ ಬದಲಾವಣೆ. ದಕ್ಷಿಣದಲ್ಲಿ ಅದು ಕಡಿಮೆ. ನನ್ನ ಭಾವನಿಗೆ ಒಂದು ಗ್ಲಾಸ್ ಹಾಲು ಕುಡಿದ್ರೆ ಹೊಟ್ಟೆ ಗುಡುಗುಡು, ಮಜ್ಜಿಗೆ ಎಷ್ಟು ಕೊಟ್ರೂ ಇಳೀತದೆ, ಯಾಕಂದ್ರೆ ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆ ಸ್ವಲ್ಪ ಅಲ್ಲೇ ಖರ್ಚಾಗ್ತದೆ. ಜೀನ್ ಇಲ್ಲದಿದ್ರೂ ಮಡಕೆಯಲ್ಲಿ ದಾರಿ ಕಂಡುಕೊಂಡ್ರು ನೋಡಿ. ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ತೊಂದರೆಯೂ ಹಾಗೆ, ವಯನಾಡಿನ ಆದಿವಾಸಿಗಳಲ್ಲಿ ಇವತ್ತಿಗೂ ಉಂಟು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದ್ರೆ ಅದು ಮಲೇರಿಯಾದಿಂದ ಕಾಪಾಡ್ತದೆ, ಇಬ್ಬರಿಂದಲೂ ಬಂದ್ರೆ ಜೀವಕ್ಕೇ ಕುತ್ತು. ಪಶ್ಚಿಮ ಆಫ್ರಿಕಾದಲ್ಲಿ ಕಾಡು ಕಡಿದು ಬೇಸಾಯಕ್ಕೆ ಇಳಿದ ಮೇಲೆ ಸೊಳ್ಳೆ ಹೆಚ್ಚಾಗಿ ಈ ಜೀನ್ ಹರಡಿತು ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಕ್ ಲಿವಿಂಗ್‌ಸ್ಟನ್ 1958ರಲ್ಲೇ ಬರೆದಿದ್ದಾರೆ.

ಭಾಷೆ ವಿಷಯ ನಮ್ಮ ಕಾಸರಗೋಡಿನವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಮಾತಾಡುವ ಶಕ್ತಿಗೆ ಜೀನ್ಸ್ ಬೇಕು, ಸತ್ಯ. ಲಂಡನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರು ಸುಮಾರು ಅರ್ಧ ಜನಕ್ಕೆ ಮಾತು ಸರಿ ಬರ್ತಿರ್ಲಿಲ್ಲ, ಫಾಕ್ಸ್‌ಪಿ2 ಎನ್ನುವ ಒಂದು ಜೀನಲ್ಲಿ ದೋಷ ಅಂತ 2001ರಲ್ಲಿ ಗೊತ್ತಾಯ್ತು. ಆದ್ರೆ ಯಾವ ಭಾಷೆ ಅಂತ ಅದರಲ್ಲಿ ಬರೆದಿಲ್ಲ. ನನ್ನ ಮೊಮ್ಮಗಳು ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ, ನನ್ನ ಹತ್ರ ಕನ್ನಡ, ಒಂದರಲ್ಲೇ ಶುರು ಮಾಡಿ ಇನ್ನೊಂದರಲ್ಲಿ ಮುಗಿಸ್ತಾಳೆ. ಅವಳ ಅಣ್ಣನಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಅವನ ಶಾಲೆಯಲ್ಲಿ ಕನ್ನಡ ಟೀಚರ್ ಹುದ್ದೆ ಖಾಲಿ ಬಿದ್ದು ಎರಡು ವರ್ಷ ಆಯ್ತು. ಇದಕ್ಕೂ ಜೀನ್ಸ್ ಅಂತಾರಾ?

ಲೇಖನ ಹಾಕ್ಬೇಡಿ ಅಂತಲ್ಲ, ಹಾಕಿ, ನಮ್ಮ ಕಡೆ ಇಂಥದ್ದು ಓದ್ಲಿಕ್ಕೆ ಸಿಗುದೇ ಕಮ್ಮಿ. ಹೆಡ್ಡಿಂಗ್ ಕೊಡುವ ಮೊದಲು ಜೀವಶಾಸ್ತ್ರ ಓದಿದ ಒಬ್ಬರಿಗೆ ತೋರ್ಸಿ. ಮತ್ತೆ ಆ ಟೀಚರ್ ಹುದ್ದೆಯ ಬಗ್ಗೆಯೂ ನಿಮ್ಮ ವರದಿಗಾರರನ್ನು ಒಮ್ಮೆ ಕಳಿಸಿ, ಪಿಟಿಎಯವರು ಕೊಟ್ಟ ಅರ್ಜಿಯ ಕಾಪಿ ನನ್ನ ಹತ್ರ ಉಂಟು.

ಇತಿ,
ಒಬ್ಬ ಹಳೇ ಓದುಗ, ಪೈವಳಿಕೆ