28 ವರ್ಷ ಹಾದುಹೋದ ಊರುಗಳಲ್ಲಿ ಕೊನೆಗೂ ಇಳಿದೆ

ಹೋದ ತಿಂಗಳ ಕೊನೆಗೆ ರಿಟೈರ್ ಆದೆ. 28 ವರ್ಷ ಬಸ್ ಓಡಿಸಿದ್ದೇನೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಇದೇ ರಸ್ತೆ. ಬೀಳ್ಕೊಡುಗೆ ದಿನ ಶಾಲು ಹೊದಿಸಿ ಮೈಕು ಕೈಗೆ ಕೊಟ್ಟರು. ಎರಡು ಮಾತಾಡುವಷ್ಟರಲ್ಲಿ ಗಂಟಲು ಕಟ್ಟಿತು, ಕೂತುಬಿಟ್ಟೆ. ಅವತ್ತು ಬಾಕಿ ಉಳಿದ ಥ್ಯಾಂಕ್ಸ್ ಈಗ ಹೇಳುತ್ತಿದ್ದೇನೆ, ಆಮೇಲೆ ತಿರುಗಾಡಿದ ಐದು ದಿನದ್ದೂ ಸೇರಿಸಿ.

ಮೊದಲು ನನ್ನ ಕಂಡಕ್ಟರ್ ಗೆಳೆಯನಿಗೆ. ತಾಳಗುಂದದ ಬೋರ್ಡ್ ಕಂಡಾಗಲೆಲ್ಲ "ಒಂದಿನ ಇಳಿದು ಆ ಶಾಸನ ನೋಡಬೇಕು ಕಣಣ್ಣ" ಅಂತಿದ್ದ. "ಆಯ್ತು, ರೈಟ್ ಹೇಳು" ಅಂತಿದ್ದೆ ನಾನು. ಟೈಮಿಂಗ್ ತಲೆಬಿಸಿ ನನಗೆ. ಬೀಳ್ಕೊಡುಗೆ ಮುಗಿದ ಸಂಜೆ ಅವನೇ ಒಂದು ಚೀಟಿಯಲ್ಲಿ ಊರುಗಳ ಹೆಸರು ಬರೆದು, ಟಿಕೆಟ್ ಹರಿದು ಕೊಟ್ಟ ಹಾಗೆ ನನ್ನ ಕೈಗಿಟ್ಟ.

ಕಾರು ಕೊಟ್ಟ ಅಳಿಯನಿಗೂ ಥ್ಯಾಂಕ್ಸ್. "ಮಾವ, ಬಸ್ಸು ಅಂದುಕೊಂಡು ಓಡಿಸಬೇಡಿ" ಅಂದಿದ್ದು ಒಂದೇ ಮಾತು.

ತಾಳಗುಂದದಲ್ಲಿ ಕಾರು ನಿಲ್ಲಿಸಿ ನಾನು ಹೆಂಡತಿಗೆ ಹೇಳಿದ್ದೇನು ಗೊತ್ತಾ? "ಹತ್ತೇ ನಿಮಿಷ." ಟೀ ಕುಡಿಯಲು ಬಸ್ ನಿಲ್ಲಿಸಿದಾಗ ಹೇಳುತ್ತಿದ್ದ ಮಾತು, ಬಾಯಿಗೆ ಅಂಟಿಬಿಟ್ಟಿದೆ. ಅವಳು ನಕ್ಕು, "ಹಿಂದೆ ಯಾರೂ ಕೂತಿಲ್ಲ ಮಾರಾಯ್ರೆ, ವಾಚು ಬಿಚ್ಚಿಡಿ" ಅಂದಳು. ಬಿಚ್ಚಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ. ಎರಡು ಗಂಟೆ ಅಲ್ಲೇ ಇದ್ದೆವು.

ಪ್ರಣವೇಶ್ವರ ಗುಡಿ ಮುಂದಿನ ಕಲ್ಲುಕಂಬ ಅದು. ಅಕ್ಷರಗಳನ್ನು ಕಂಬದ ಉದ್ದಕ್ಕೆ ಕೆತ್ತಿದ್ದಾರೆ, ಸಾಲು ಹಿಡಿದು ನೋಡಬೇಕಾದರೆ ಕತ್ತು ವಾಲಿಸಿಕೊಂಡೇ ನಿಲ್ಲಬೇಕು. ಐದನೇ ಶತಮಾನದ್ದು, ಕದಂಬರ ಶಾಂತಿವರ್ಮನ ಕಾಲ, ಸಂಸ್ಕೃತದಲ್ಲಿದೆ, ಬರೆದ ಕವಿಯ ಹೆಸರು ಕುಬ್ಜ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಡೆಯದೆ ಕತ್ತಿ ಹಿಡಿದ ಕಥೆ ಇದರಲ್ಲಿದೆ. ಆ ಜಗಳದಿಂದ ಒಂದು ರಾಜ್ಯವೇ ಹುಟ್ಟಿತು. ನಾನೂ ಸವಾರರ ಜೊತೆ ಎಷ್ಟೋ ಜಗಳ ಆಡಿದ್ದೇನೆ, ಮೆಮೋ ಬಿಟ್ಟು ಬೇರೇನೂ ಹುಟ್ಟಲಿಲ್ಲ. ಇದೇ ಗುಡಿಯ ಹತ್ತಿರ ಅಗೆದಾಗ ಸಿಂಹಕಟಾಂಜನ ಶಾಸನವೂ, ಅಂದರೆ ಮೆಟ್ಟಿಲ ಪಕ್ಕದ ಸಿಂಹದ ಕೆತ್ತನೆಯ ತಡೆಗಲ್ಲಿನ ಮೇಲಿನ ಬರಹ, ಸಿಕ್ಕಿದೆ. ಅದು ಸಿಕ್ಕಿದ ಕಾಲಕ್ಕೆ ನಾನು ದಿನಾ ಅಲ್ಲೇ ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದೆ. ಇದೆಲ್ಲ ಬೇಸರ ಮಾಡದೆ ಎರಡೆರಡು ಸಲ ಹೇಳಿದ ಅಲ್ಲಿನ ಕಾವಲುಗಾರರಿಗೆ ಕೈ ಮುಗಿದಿದ್ದೇನೆ.

ಈಗ ನಾಚಿಕೆಯ ವಿಷಯ. ಬಳ್ಳಿಗಾವಿ ಕಡೆ ಹೋಗುವಾಗ ಎದುರಿಗೆ ಬಸ್ ಬಂತು. ಪಾಪ, ಲೇಟಾಗಿರಬಹುದು ಅಂತ ಪೂರ್ತಿ ಎಡಕ್ಕೆ ಇಳಿಸಿ ದಾರಿ ಬಿಟ್ಟೆ. ಹಿಂದಿನ ರಾತ್ರಿ ಮಳೆ ಬಂದಿತ್ತು, ಚಕ್ರ ಕೆಸರಿನಲ್ಲಿ ಹೂತುಹೋಯಿತು. ಎಷ್ಟು ರೇಸ್ ಮಾಡಿದರೂ ಕೆಸರು ಹಾರುತ್ತಿತ್ತೇ ಹೊರತು ಕಾರು ಅಲ್ಲಾಡಲಿಲ್ಲ. ಗದ್ದೆ ಕಡೆಯಿಂದ ಒಬ್ಬರು ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಎಳೆದು, "ಡ್ರೈವಿಂಗ್ ಹೊಸದಾ ಅಣ್ಣ?" ಅಂದರು. "ಹೌದು" ಅಂದೆ. ಇನ್ನೇನು ಹೇಳಲಿ! ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ ಅವರು.

ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಕಂಬ ನೋಡಿದೆವು. ಸರ್ಕಾರಿ ಕಾಗದದ ಮೇಲೆ ಜೀವನವಿಡೀ ನೋಡಿದ ಅದೇ ಎರಡು ತಲೆಯ ಹಕ್ಕಿ, ಆದರೆ ಇಲ್ಲಿ ಮೈ ಮನುಷ್ಯನದು. ಕೇದಾರೇಶ್ವರ ಗುಡಿಯ ಒಳಗಿನ ತಂಪಿನಲ್ಲಿ ಸುಮ್ನೆ ಕೂತೆವು, ನನ್ನ ಪ್ಯಾಂಟಿನ ಕೆಸರು ಒಣಗುವವರೆಗೂ.

ಮರುದಿನ ಗುಡವಿ. ಕೆರೆಯೊಳಗೇ ನಿಂತ ಮರಗಳ ತುಂಬಾ ಹಕ್ಕಿ, ಅವುಗಳ ಗಲಾಟೆ ಥೇಟ್ ಸಂತೆ ದಿನದ ಬಸ್ ಸ್ಟ್ಯಾಂಡ್. ಅಲ್ಲಿಂದ ಬನವಾಸಿ. ಮಧುಕೇಶ್ವರ ಗುಡಿಯ ನಂದಿ ಒಂದು ಕಣ್ಣಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತದೆ ಅಂತ ಅಲ್ಲಿ ಹೇಳುತ್ತಾರೆ. ಒಂದು ಕಣ್ಣು ರಸ್ತೆ ಮೇಲೆ, ಒಂದು ಕಣ್ಣು ಕನ್ನಡಿ ಮೇಲೆ ಇಟ್ಟು ಬದುಕಿದವನಿಗೆ ಆ ನಂದಿ ನಮ್ಮ ಡಿಪೋದವನೇ ಅನ್ನಿಸಿತು.

ಸಾಗರದ ಕಡೆ ಕೆಳದಿ, ಇಕ್ಕೇರಿ ಎರಡನ್ನೂ ಒಂದೇ ದಿನ ಮುಗಿಸಿದ್ದು ತಪ್ಪು, ಇನ್ನೊಮ್ಮೆ ಹೋಗಬೇಕು. ಇಕ್ಕೇರಿಯ ಅಘೋರೇಶ್ವರ ಗುಡಿಯ ನೆಲದಲ್ಲಿ ಕೆಳದಿ ನಾಯಕರು ನಮಸ್ಕಾರ ಮಾಡುವ ಚಿಕ್ಕ ಚಿತ್ರಗಳಿವೆ. ಅಷ್ಟು ದೊಡ್ಡ ಗುಡಿ ಕಟ್ಟಿಸಿದ ಮನೆತನ, ತಮ್ಮನ್ನು ಮಾತ್ರ ಕಾಲಡಿಯ ಕಲ್ಲಿನಲ್ಲಿ ಕೆತ್ತಿಸಿಕೊಂಡಿದೆ. ನಾವು ಪಕ್ಕಕ್ಕೆ ಸರಿದು ನಡೆದೆವು.

ವಾಪಸ್ ಬರುವಾಗ ಹೆಂಡತಿ ಪಕ್ಕದ ಸೀಟಿನಲ್ಲಿ ನಿದ್ದೆ ಹೋದಳು. ಗುಂಡಿ ಬಂದಾಗ ಅವಳಿಗೆ ಎಚ್ಚರವಾಗದ ಹಾಗೆ ಬ್ರೇಕ್ ಹಿಡಿಯುತ್ತಾ ಬಂದೆ, ಆಗ ನೀವೆಲ್ಲ ನೆನಪಾದಿರಿ. ಬೆಳಗಿನ ಜಾವದ ಟ್ರಿಪ್ಪಿನಲ್ಲಿ ಕಿಟಕಿಗೆ ತಲೆ ಆನಿಸಿ ಮಲಗುತ್ತಿದ್ದ ಮೇಷ್ಟ್ರು, ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದ ಅಮ್ಮಂದಿರು, ಕಾಲೇಜು ಮಕ್ಕಳು. ನನ್ನನ್ನು ನಂಬಿ ನಿದ್ದೆ ಮಾಡಿದಿರಲ್ಲ, ಅದಕ್ಕೆ ಥ್ಯಾಂಕ್ಸ್.

ಬಳ್ಳಿಗಾವಿ ದಾರಿಯ ಟ್ರ್ಯಾಕ್ಟರ್ ಅಣ್ಣ, ನಿಮ್ಮ ಹಗ್ಗ ನನ್ನ ಡಿಕ್ಕಿಯಲ್ಲೇ ಉಳಿದುಹೋಗಿದೆ. ತೊಳೆದು ಒಣಗಿಸಿ ಇಟ್ಟಿದ್ದೇನೆ. ಬರುವ ಸೋಮವಾರ ತಂದು ಕೊಡುತ್ತೇನೆ, ಬಸ್ಸಿನಲ್ಲೇ ಬರುತ್ತೇನೆ.